ಪಿಕಪ್ ಟ್ರಕ್‌ಗೆ ರೇಡಿಯೊ ಸ್ಕ್ಯಾನರ್ ಮತ್ತು ಆಂಟೆನಾ ಹಾಕುವುದು ಹೇಗೆ?

ಅಮೆರಿಕದಲ್ಲಿ ಫೋರ್ಡ್ ಎಫ್-150 ಇದೆ, ಪೊಲೀಸ್ ಮುಂತಾದವರ ರೇಡಿಯೊ ಮಾತು ಕೇಳಿಸುವ ಎರಡು ಸ್ಕ್ಯಾನರ್‌ಗೆ ಒಂದೇ ಮ್ಯಾಗ್ನೆಟ್ ಆಂಟೆನಾ ಸಾಕಾ ಅಂತ ಕೇಳಿದ್ದೀರಿ.

ಮೊದಲು ಗಾಡಿಯ ಮಾಡೆಲ್ ವರ್ಷ ನೋಡಿ. 2015ರ ಮಾಡೆಲ್‌ನಿಂದ ಎಫ್-150ರ ಬಾಡಿ ಅಲ್ಯೂಮಿನಿಯಂನದು. ಅದಕ್ಕೆ ಮ್ಯಾಗ್ನೆಟ್ ಅಂಟುವುದೇ ಇಲ್ಲ! ಕ್ಯಾಬಿನ್ ಚಾವಣಿಯ ನಡುವೆ ಮುಕ್ಕಾಲು ಇಂಚಿನ ತೂತು ಕೊರೆದು ಎನ್‌ಎಂಒ ಮೌಂಟ್ (ಆಂಟೆನಾ ತಿರುಗಿಸಿ ಕೂರಿಸುವ ಬುಡ) ಕೂರಿಸಿ. ಒಳ್ಳೆ ಗಾಡಿಗೆ ತೂತು ಹೊಡೆಯಲು ಮನಸ್ಸು ಬರುವುದಿಲ್ಲ, ಅಲ್ವಾ? ಆದರೆ ಆಂಟೆನಾದ ಸುತ್ತ ಲೋಹದ ತಗಡು ಇರಬೇಕು. ನಡುವೆ ಇಟ್ಟರೆ ಎಲ್ಲ ದಿಕ್ಕಿನಿಂದಲೂ ಸಿಗ್ನಲ್ ಹೆಚ್ಚುಕಡಿಮೆ ಒಂದೇ ಥರ ಸಿಗುತ್ತದೆ. ಮೌಂಟ್‌ನ ರಬ್ಬರ್ ರಿಂಗ್ ಸರಿಯಾಗಿ ಕೂತರೆ ನೀರು ಒಳಗೆ ಇಳಿಯುವುದಿಲ್ಲ.

ಕೊರೆಯುವ ಮುಂಚೆ ಒಳಗಿನ ಹೊದಿಕೆ ಇಳಿಸಿ, ವೈರ್‌ಗಳು ಎಲ್ಲಿವೆ ನೋಡಿಕೊಳ್ಳಿ. ಬದಿಯ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಕೇಬಲ್ ಅಡ್ಡ ಬರಲೇಬಾರದು. ಇದರಲ್ಲಿ ದಯವಿಟ್ಟು ಅವಸರ ಮಾಡಬೇಡಿ.

155 ಮೆಗಾಹರ್ಟ್ಸ್ ಆಸುಪಾಸಿನ ಚಾನೆಲ್‌ಗಳಿಗೆ ಸುಮಾರು 18 ಇಂಚಿನ ಆಂಟೆನಾ ಕಡ್ಡಿ ಸಾಕು. 460 ಮೆಗಾಹರ್ಟ್ಸ್ ಹತ್ತಿರವೂ ಅದು ಕೆಲಸ ಮಾಡುತ್ತದೆ.

ಸ್ಕ್ಯಾನರ್ ಬರೀ ಕೇಳುವ ಯಂತ್ರ. ಹಾಗಾಗಿ ಸ್ಪ್ಲಿಟರ್ ಹಾಕಿ ಒಂದೇ ಆಂಟೆನಾವನ್ನು ಎರಡಕ್ಕೂ ಕೊಡಬಹುದು. ಸಿಗ್ನಲ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಕಡಿಮೆಯಾಗುತ್ತದೆ. ಮಾತಾಡುವ ರೇಡಿಯೊವನ್ನು ಮಾತ್ರ ಇದಕ್ಕೆ ಸೇರಿಸಬೇಡಿ, ಸ್ಕ್ಯಾನರ್ ಸುಟ್ಟುಹೋದೀತು.

ಕರೆಂಟ್ ಬ್ಯಾಟರಿಯಿಂದಲೇ ತನ್ನಿ, ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ.

ಇನ್ನೊಂದು ಮುಖ್ಯ ವಿಷಯ. ನ್ಯೂಯಾರ್ಕ್, ಫ್ಲೋರಿಡಾದಂಥ ರಾಜ್ಯಗಳಲ್ಲಿ ಪೊಲೀಸ್ ಚಾನೆಲ್ ಕೇಳುವ ಸ್ಕ್ಯಾನರ್ ಗಾಡಿಯಲ್ಲಿಡಲು ನಿರ್ಬಂಧ ಇದೆ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ನಿಮ್ಮ ರಾಜ್ಯದ ಕಾನೂನು ನೋಡಿಕೊಂಡೇ ಡ್ರಿಲ್ ಕೈಗೆತ್ತಿಕೊಳ್ಳಿ.