ಕೆಲಸದ ವೇಳೆ ನೀರು ಕುಡಿಯದಿದ್ದರೆ ತೊಂದರೆಯಾಗುತ್ತದೆಯೇ? ದಿನಕ್ಕೆ ಎಂಟು ಲೋಟ ಕುಡಿಯಲೇಬೇಕೇ?

ಬೆಳಿಗ್ಗೆ ಶಾಲೆಗೆ ಹೊರಟರೆ ಸಂಜೆ ಮನೆ ಸೇರುವವರೆಗೆ ನೀರು ಮುಟ್ಟುವುದಿಲ್ಲ, ಈಗೀಗ ಬಾಯಾರಿಕೆಯೂ ಆಗುವುದಿಲ್ಲ ಎಂದು ಬರೆದಿದ್ದೀರಿ. ನಾನೂ ಶಿಕ್ಷಕಿ. ಕಲಬುರಗಿ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿದ್ದ ಆರು ವರ್ಷವೂ ನಾನು ಹೀಗೆಯೇ ಇದ್ದೆ. ನೀರು ಇರಲಿಲ್ಲವೆಂದಲ್ಲ, ಶೌಚಾಲಯದ ಬಾಗಿಲಿಗೆ ಚಿಲಕವಿರಲಿಲ್ಲ. ಮನೆಯಿಂದ ಒಯ್ದ ಬಾಟಲಿ ಎಷ್ಟೋ ದಿನ ತುಂಬಿದಂತೆಯೇ ಮರಳಿ ಬರುತ್ತಿತ್ತು. ಮೊದಲು ಉರಿಮೂತ್ರ ಶುರುವಾಯಿತು, ಆಮೇಲೆ ಒಂದು ಏಪ್ರಿಲ್ ರಾತ್ರಿ ಬೆನ್ನಿನಿಂದ ಕಿಬ್ಬೊಟ್ಟೆಯವರೆಗೆ ಹಿಂಡಿದಂಥ ನೋವು ಬಂದು, ನಿಲ್ಲಲೂ ಆಗದೆ ಮಲಗಲೂ ಆಗದೆ ಬೆಳಗಿನವರೆಗೆ ಒದ್ದಾಡಿದೆ. ಸ್ಕ್ಯಾನ್ ಮಾಡಿಸಿದಾಗ ಮೂತ್ರಪಿಂಡದಲ್ಲಿ ಕಲ್ಲು ಕಂಡಿತು.

ನಮ್ಮ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳಿಸುತ್ತವೆ. ನೀರು ಕಡಿಮೆಯಾದಾಗ ಮಿದುಳಿನಿಂದ ಬರುವ ಹಾರ್ಮೋನೊಂದು ಇದ್ದ ನೀರನ್ನೇ ಹಿಡಿದಿಡುವಂತೆ ಅವುಗಳಿಗೆ ಸೂಚಿಸುವುದರಿಂದ ಮೂತ್ರ ಗಟ್ಟಿಯಾಗುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಆಕ್ಸಲೇಟ್‌ನಂತಹ ಲವಣಗಳು ಕರಗಿರಲಾರದೆ ಹರಳುಗಟ್ಟಿ, ಕಾಲಕ್ರಮೇಣ ಕಲ್ಲಾಗುತ್ತವೆ. ಜೊತೆಗೆ ಮೂತ್ರವನ್ನು ತಾಸುಗಟ್ಟಲೆ ತಡೆದರೆ ಸೋಂಕಿಗೂ ದಾರಿಯಾಗುತ್ತದೆ. ಒಮ್ಮೆ ಕಲ್ಲಾದವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಲು ವೈದ್ಯರು ಹೇಳುತ್ತಾರೆ. ನನಗೂ ಅದನ್ನೇ ಹೇಳಿದರು.

ಎಂಟು ಲೋಟದ ಲೆಕ್ಕ ಎಲ್ಲರಿಗೂ ಹೊಂದುವಂಥದ್ದಲ್ಲ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿಯು ವಯಸ್ಕರಿಗೆ ಸುಮಾರು ಎರಡೂವರೆ ಲೀಟರ್ ನೀರು ಸೂಕ್ತವೆಂದು ಹೇಳಿದಾಗ, ಅದರಲ್ಲಿ ಬಹುಪಾಲು ಆಹಾರದಲ್ಲಿಯೇ ಇರುತ್ತದೆ ಎಂದೂ ಸೇರಿಸಿತ್ತು. ಆ ಎರಡನೆಯ ಮಾತನ್ನು ಜನ ಮರೆತರು. ಸಾರು, ಮಜ್ಜಿಗೆ, ಅಂಬಲಿ, ಕಲ್ಲಂಗಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಲೋಟ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡಿಕೊಳ್ಳಿ: ತಿಳಿ ಹಳದಿಯಿದ್ದರೆ ಸಾಕು, ಸಾಸಿವೆ ಎಣ್ಣೆಯಂತೆ ಕಡುವಾಗಿದ್ದರೆ ನೀರು ಸಾಲದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದವರು ಮಾತ್ರ ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು. ಆರೋಗ್ಯವಂತರೂ ಒಮ್ಮೆಲೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗಬಹುದು. ಪ್ರತಿ ಪಿರಿಯಡ್ ಮುಗಿದ ಮೇಲೆ ನಾಲ್ಕು ಗುಟುಕು ಕುಡಿಯುವುದು ನನಗೆ ರೂಢಿಯಾಗಿದೆ.

ನಿಮ್ಮಲ್ಲಿಯೂ ಕಾರಣ ಶೌಚಾಲಯವೇ ಆಗಿದ್ದರೆ ಸಂಕೋಚಪಡದೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಹೇಳಿ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಮಕ್ಕಳು ನೀರು ಕುಡಿಯಲೆಂದೇ ಗಂಟೆ ಬಾರಿಸತೊಡಗಿದರು; ಒಳ್ಳೆಯ ಕ್ರಮವೇ, ಆದರೆ ಬಾಗಿಲಿಗೆ ಚಿಲಕವಿಲ್ಲದ ಕಡೆ ಗಂಟೆ ಬಾರಿಸಿದರೂ ಹುಡುಗಿಯರು ಕುಡಿಯುವುದಿಲ್ಲ. ನಾನು ವಿಚಾರಿಸಿದಾಗ ನಮ್ಮ ಏಳನೆಯ ತರಗತಿಯ ಹುಡುಗಿಯರು ಕೂಡ ಮಧ್ಯಾಹ್ನದ ಊಟಕ್ಕೆ ಒಂದೇ ಗುಟುಕು ಕುಡಿದು ಏಳುತ್ತಿದ್ದರೆಂದು ತಿಳಿಯಿತು.