ಓದುಗರ ಪ್ರಶ್ನೆ: ಮಂಗಳನ ಕಲ್ಲುಗಳು ಸೌರಮಾರುತವನ್ನು ತಡೆಯುತ್ತವೆಯೇ?

ಪ್ರಶ್ನೆ: ಸರ್, ಮಂಗಳ ಗ್ರಹಕ್ಕೆ ಕಾಂತಕ್ಷೇತ್ರ ಇಲ್ಲ, ಅದಕ್ಕೇ ಸೌರಮಾರುತ (ಸೂರ್ಯನಿಂದ ಹೊರಡುವ ಕಣಗಳ ಹರಿವು) ಅಲ್ಲಿನ ಗಾಳಿಯನ್ನು ಹೊತ್ತೊಯ್ದಿತು ಎಂದು ಓದಿದ್ದೇನೆ. ಆದರೆ ಅಲ್ಲಿನ ಕಲ್ಲುಗಳಿಗೆ ಕಾಂತಶಕ್ತಿ ಇದೆ ಅಂತಲೂ ಒಂದು ಕಡೆ ಇತ್ತು. ಯಾವುದು ಸರಿ? ಆ ಕಲ್ಲುಗಳು ಗಾಳಿಯನ್ನು ಕಾಯುತ್ತವೆಯಾ?
– ಪಿಯುಸಿ ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ಎರಡೂ ಸರಿ, ತಂಗಿ. ಭೂಮಿಯ ಹಾಗೆ ಇಡೀ ಗ್ರಹವನ್ನು ಆವರಿಸುವ ಕಾಂತಕ್ಷೇತ್ರ ಮಂಗಳಕ್ಕೆ ಈಗ ಇಲ್ಲ. ಸುಮಾರು 400 ಕೋಟಿ ವರ್ಷಗಳ ಹಿಂದೆ ಇತ್ತು. ಆಗ ಲಾವಾ ಆರಿ ಕಲ್ಲಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಆ ಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಂಡವು. ಕಾರವಾರದಲ್ಲಿ ಪಾಠ ಮಾಡುವಾಗ ನಾನು ಇದನ್ನು ಹೊಲಿಗೆ ಸೂಜಿಯಲ್ಲಿ ತೋರಿಸುತ್ತಿದ್ದೆ. ಕಾಂತವಾದ ಸೂಜಿಯನ್ನು ಬರ್ನರ್ ಉರಿಯಲ್ಲಿ ಕೆಂಪಗೆ ಕಾಯಿಸಿದರೆ ಅದು ಗುಂಡುಸೂಜಿಯನ್ನು ಎತ್ತುವುದಿಲ್ಲ. ಅಯಸ್ಕಾಂತದ ಪಕ್ಕ ಇಟ್ಟು ಆರಿಸಿದರೆ ಮತ್ತೆ ಎತ್ತುತ್ತದೆ. ಮಂಗಳದ ಹೆಲ್ಲಸ್ ಎಂಬ ಭಾರೀ ಹೊಂಡ ನೋಡು. ಉಲ್ಕೆಯ ಹೊಡೆತಕ್ಕೆ ಅಲ್ಲಿನ ಕಲ್ಲೆಲ್ಲ ಕಾದು ಹೋಯಿತು. ಆರುವ ಹೊತ್ತಿಗೆ ಗ್ರಹದ ಕಾಂತಕ್ಷೇತ್ರವೇ ನಿಂತಿತ್ತು ಎಂಬುದು ಹಲವು ವಿಜ್ಞಾನಿಗಳ ವಿವರಣೆ. ಹಾಗಾಗಿ ಅಲ್ಲಿ ಕಾಂತ ಉಳಿದಿಲ್ಲ.

1997ರಲ್ಲಿ ಮಂಗಳ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಈ ಕಲ್ಲುಗಳ ಕಾಂತವನ್ನು ಅಳೆಯಿತು. ಅದು ಜಾಸ್ತಿ ಇರುವುದು ದಕ್ಷಿಣದಲ್ಲಿ, ಟೆರ್ರಾ ಸಿಮ್ಮೇರಿಯಾ ಮತ್ತು ಟೆರ್ರಾ ಸೈರೆನಮ್ ಎಂಬ ಕಡೆ. 400 ಕಿಲೋಮೀಟರ್ ಎತ್ತರದಲ್ಲೂ ಸುಮಾರು 200 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ನಮ್ಮೂರ ನೆಲದಲ್ಲಿ ಸುಮಾರು 40 ಸಾವಿರ ಇದೆ, ಅದರ ಮುಂದೆ ಇದೇನು ಮಹಾ ಅನ್ನಿಸಬಹುದು. ಆದರೆ ಸೌರಮಾರುತ ಹೊತ್ತು ತರುವ ಕಾಂತಕ್ಷೇತ್ರ ಮಂಗಳದ ಬಳಿ ಬರೀ ಕೆಲವೇ ನ್ಯಾನೋಟೆಸ್ಲಾ. ಅದರೆದುರು 200 ದೊಡ್ಡದೇ.

ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬರುವ ಸೌರಮಾರುತದ ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳು ಅಲ್ಲಿ ಏನು ಮಾಡುತ್ತವೆ? ಕಾರವಾರದಿಂದ ದೋಣಿಯಲ್ಲಿ ಕೂರ್ಮಗಡದ ಕಡೆ ಹೋದವರಿಗೆ ಗೊತ್ತು, ತೆರೆ ಬಂದು ಹೊಡೆಯುವ ಬದಿಯಲ್ಲಿ ಅಬ್ಬರ, ದ್ವೀಪದ ಮರೆಯಲ್ಲಿ ನೀರು ಶಾಂತ. ಮಂಗಳನ ಕಾಂತಪ್ರದೇಶಗಳೂ ಸೌರಮಾರುತವನ್ನು ಹಾಗೇ ಮೇಲಕ್ಕೆ, ಬದಿಗೆ ತಳ್ಳುತ್ತವೆ. ಆದರೆ ಗ್ರಹ 24 ಗಂಟೆ 37 ನಿಮಿಷಕ್ಕೊಮ್ಮೆ ತಿರುಗುತ್ತದಲ್ವಾ? ಆ ಜಾಗ ಸೂರ್ಯನ ಎದುರು ಬಂದಾಗ ತಡೆಯ ಎತ್ತರ ಹೆಚ್ಚು. ಹಿಂದೆ ಸರಿದಾಗ ಕಡಿಮೆ. ಆಕಾರ ದಿನವಿಡೀ ಬದಲಾಗುತ್ತಲೇ ಇರುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಕಲ್ಲಿನಿಂದ ಹೊರಟು ಕಲ್ಲಿಗೇ ಮರಳುವ ಕಾಂತರೇಖೆಗಳ ಕೆಳಗೆ ಗಾಳಿ ಸುರಕ್ಷಿತ. ಆದರೆ ಕೆಲವು ರೇಖೆಗಳು ತುಂಡಾಗಿ ಸೌರಮಾರುತದ ರೇಖೆಗಳ ಜೊತೆ ಸೇರಿಕೊಳ್ಳುತ್ತವೆ. ಅಲ್ಲಿ ದಾರಿ ತೆರೆಯುತ್ತದೆ. ಎಲೆಕ್ಟ್ರಾನುಗಳು ಆ ದಾರಿಯಲ್ಲಿ ಕೆಳಗಿಳಿದು ಗಾಳಿಯನ್ನು ಬೆಳಗಿಸುತ್ತವೆ. 2004ರಲ್ಲಿ ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ ಕಂಡ ಅರೋರಾ, ಅಂದರೆ ಆಕಾಶದ ಬೆಳಕು, ಇಂಥದ್ದು. ಅದೇ ದಾರಿಯಲ್ಲಿ ಗಾಳಿಯ ಅಯಾನುಗಳು (ವಿದ್ಯುದಂಶ ಇರುವ ಕಣಗಳು) ಹೊರಗೂ ಹೋಗುತ್ತವೆ. ಒಟ್ಟು ಗ್ರಹದಿಂದ ಸೆಕೆಂಡಿಗೆ ಸುಮಾರು 100 ಗ್ರಾಂ ಗಾಳಿಯನ್ನು ಸೌರಮಾರುತ ಕಿತ್ತೊಯ್ಯುತ್ತಿದೆ ಎಂದು 2015ರಲ್ಲಿ ನಾಸಾದ ಮಾವೆನ್ ನೌಕೆಯ ತಂಡ ಹೇಳಿತು. ಸೌರಬಿರುಗಾಳಿ ಬಂದಾಗ ಇನ್ನೂ ಜಾಸ್ತಿ. ಆದ್ದರಿಂದ ಆ ಕಲ್ಲುಗಳು ಒಂದು ಕಡೆ ಕಾಯುತ್ತವೆ, ಪಕ್ಕದಲ್ಲೇ ಕಳೆಯುತ್ತವೆ.

ನೀನು ಕೇಳದೇ ಇದ್ದರೂ ನಮ್ಮ ಚಂದ್ರಯಾನ-1ರ ವಿಷಯ ಹೇಳಲೇಬೇಕು. ಅದರ ಬಗ್ಗೆ ನಮ್ಮ ಮಕ್ಕಳಿಗೆ ಸಾಕಷ್ಟು ಹೇಳಿಲ್ಲ ಎಂಬ ಬೇಸರ ನನಗಿದೆ. 2008ರಲ್ಲಿ ಹೋದ ಆ ನೌಕೆಯಲ್ಲಿ ಭಾರತ ಮತ್ತು ಸ್ವೀಡನ್ ವಿಜ್ಞಾನಿಗಳು ಸೇರಿ ಮಾಡಿದ ಸಾರಾ ಎಂಬ ಉಪಕರಣ ಇತ್ತು. ಚಂದ್ರನ ಆಚೆ ಮುಖದ ಒಂದು ಕಾಂತಪ್ರದೇಶದ ಮೇಲೆ ಸೌರಮಾರುತ ಸರಿಯಾಗಿ ತಲುಪದ ಸುಮಾರು 360 ಕಿಲೋಮೀಟರ್ ಅಗಲದ ಜಾಗವನ್ನು ಅದು ಗುರುತಿಸಿತು.

ಇಂಥ ಕಾಂತಪ್ರದೇಶ ಚಂದ್ರನ ಈಚೆ ಮುಖದಲ್ಲೂ ಇದೆ. ಹೆಸರು ರೈನರ್ ಗಾಮಾ. ಕಾಲೇಜಿನಲ್ಲಿ ಸಣ್ಣ ಟೆಲಿಸ್ಕೋಪ್ ಇದ್ದರೆ ಹುಣ್ಣಿಮೆ ಹತ್ತಿರದಲ್ಲಿ ಚಂದ್ರನ ಪಶ್ಚಿಮ ಅಂಚಿನ ಕಪ್ಪು ಬಯಲಿನಲ್ಲಿ ಹುಡುಕು. ಬಿಳಿ ಮಚ್ಚೆಯ ಹಾಗೆ ಕಾಣುತ್ತದೆ. ಅಲ್ಲಿ ಗುಡ್ಡವೂ ಇಲ್ಲ, ಹೊಂಡವೂ ಇಲ್ಲ. ಸೌರಮಾರುತದ ಹೊಡೆತ ಕಡಿಮೆ ಬಿದ್ದದ್ದಕ್ಕೇ ಆ ಮಣ್ಣು ಕಪ್ಪಾಗದೆ ಉಳಿದಿದೆ ಎಂಬುದು ಹಲವು ವಿಜ್ಞಾನಿಗಳ ವಿವರಣೆ.