ಶೂಬರ್ಟನ ಪುಟ್ಟ ವಾಲ್ಟ್ಸ್‌ಗಳಲ್ಲಿ ಅಂಥದ್ದೇನಿದೆ? ಅವನ್ನು ನುಡಿಸುವುದು ಹೇಗೆ?

ವಾಲ್ಟ್ಸ್ ಎಂದರೆ ಮೂರು ಎಣಿಕೆಯ ಕುಣಿತ, ಶೂಬರ್ಟ್ ಅದಕ್ಕೆ ಸಂಗೀತ ಬರೆದ ವಿಯೆನ್ನಾದ ರಚನಕಾರ. ಅದನ್ನು ನುಡಿಸುವಾಗ ನಿಮ್ಮ ಎಡಗೈ ಮೂರು ಎಣಿಕೆಗಳನ್ನೂ ಒಂದೇ ತೂಕದಲ್ಲಿ ಒತ್ತುತ್ತಿದೆ ಎಂಬುದು ನನ್ನ ಊಹೆ. ನಾಲ್ಕು ವರ್ಷ ಪಿಯಾನೋ ಕಲಿತಿದ್ದೀರಿ, ಸ್ವರಗಳೆಲ್ಲ ಸರಿಯಾಗಿವೆ, ಲಯ ತೋರಿಸುವ ಯಂತ್ರ ಮೆಟ್ರೊನೋಮ್‌ಗೂ ಕೂಡುತ್ತದೆ. ಆದರೂ ಶೂಬರ್ಟನ ವಾಲ್ಟ್ಸ್ ಬೆರಳಿನ ಕಸರತ್ತಿನಂತೆ ಕೇಳುತ್ತದೆ, ಒಂದು ನಿಮಿಷ ಬಾಳುವ ಈ ತುಣುಕುಗಳನ್ನು ದೊಡ್ಡ ಕಲಾವಿದರು ಯಾಕಿಷ್ಟು ಪ್ರೀತಿಸುತ್ತಾರೆ ಎಂದು ಕೇಳಿದ್ದೀರಿ. ನಾನೂ ಎರಡು ವರ್ಷ ಇದೇ ಜಾಗದಲ್ಲಿ ತಡವರಿಸಿದವನು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಇವು ಕಛೇರಿಗಾಗಿ ಹುಟ್ಟಿದ ಸಂಗೀತವಲ್ಲ. 1820ರ ಆಸುಪಾಸಿನ ವಿಯೆನ್ನಾದಲ್ಲಿ ಸಂಜೆ ಸ್ನೇಹಿತರು ಯಾರದೋ ಮನೆಯಲ್ಲಿ ಸೇರಿ ಕುಣಿಯುತ್ತಿದ್ದರು. ಶೂಬರ್ಟ್ ಪಿಯಾನೋ ಮುಂದೆ ಕೂತು, ಆ ಕ್ಷಣಕ್ಕೆ ಹೊಳೆದದ್ದನ್ನು ಒಂದರ ಹಿಂದೊಂದು ನುಡಿಸುತ್ತಿದ್ದ. ಮನಸ್ಸಿಗೆ ಹಿಡಿಸಿದ್ದನ್ನು ಆಮೇಲೆ ಬರೆದಿಡುತ್ತಿದ್ದ. ಮೂವತ್ತೊಂದು ವರ್ಷ ಮಾತ್ರ ಬದುಕಿದ ಆ ಮನುಷ್ಯ ಹೀಗೆ ನೂರಾರು ನೃತ್ಯಗಳನ್ನು ಬಿಟ್ಟುಹೋದ. 1826ರಲ್ಲಿ ಗೆಳೆಯ ಕೂಪೆಲ್‌ವೀಸರ್‌ನ ಮದುವೆಯಲ್ಲಿ ನುಡಿಸಿದ ಒಂದು ವಾಲ್ಟ್ಸ್ ಕಾಗದಕ್ಕೆ ಇಳಿಯಲೇ ಇಲ್ಲ. ಅದನ್ನು ಆ ಕುಟುಂಬದವರು ಕಿವಿಯಿಂದ ಕಿವಿಗೆ, ತಲೆಮಾರಿನಿಂದ ತಲೆಮಾರಿಗೆ ಉಳಿಸಿಕೊಂಡು ಬಂದರು. 1943ರಲ್ಲಿ ರಚನಕಾರ ರಿಚರ್ಡ್ ಸ್ಟ್ರಾಸ್ ಕೇಳಿ ಬರೆದುಕೊಂಡ. ನೂರಕ್ಕೂ ಹೆಚ್ಚು ವರ್ಷ ಒಂದು ಮನೆಯ ನೆನಪಿನಲ್ಲೇ ಬದುಕಿದ ವಾಲ್ಟ್ಸ್ ಅದು! ನಿಮ್ಮ ಮುಂದಿರುವ ಹಾಳೆಯನ್ನೂ ಹಾಗೆಯೇ ನೋಡಿ. ಅಲ್ಲಿ ಅಚ್ಚಾಗಿರುವುದು ಒಂದು ಸಂಜೆಯ ಟಿಪ್ಪಣಿ. ಕಾಲುಗಳು ಮಾಡುತ್ತಿದ್ದ ಕೆಲಸ ಅದರಲ್ಲಿ ಇಲ್ಲ, ಅದನ್ನು ನೀವು ತುಂಬಬೇಕು.

ಈಗ ಎಡಗೈ. ಒಂದು ಮಂದ್ರ ಸ್ವರ, ಅದರ ಮೇಲೆ ಎರಡು ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು. ನೋಡಲು ಎಷ್ಟು ಸುಲಭವೆಂದರೆ ನಾವೆಲ್ಲ ಬಲಗೈಯ ರಾಗವನ್ನೇ ತಿದ್ದುತ್ತಾ ಕೂರುತ್ತೇವೆ. ನನ್ನ ಗುರುಗಳು ಒಂದು ದಿನ ಪಿಯಾನೋ ಮುಚ್ಚಳ ಇಳಿಸಿ, ನನ್ನನ್ನು ಎಬ್ಬಿಸಿ, ಕೋಣೆಯ ಸುತ್ತ ಮೂರರ ಎಣಿಕೆಗೆ ನಡೆಯಲು ಹೇಳಿದರು. ಮೊದಲ ಹೆಜ್ಜೆ ಅಗಲ, ಮೊಣಕಾಲು ತುಸು ಬಾಗಿ. ಮುಂದಿನ ಎರಡು ತುದಿಗಾಲಿನಲ್ಲಿ, ಚಿಕ್ಕವು. ಹತ್ತು ಸುತ್ತು ಹಾಕುವ ಹೊತ್ತಿಗೆ ನನಗೇ ಗೊತ್ತಾಯಿತು: ಎರಡನೆಯ, ಮೂರನೆಯ ಹೆಜ್ಜೆಗಳಿಗೆ ದೇಹದ ಭಾರವೇ ಬೀಳುವುದಿಲ್ಲ. ಮರಳಿ ಕೂತು ಎಡಗೈಯನ್ನಷ್ಟೇ ನುಡಿಸಿದಾಗ ಆ ಎರಡು ಕಾರ್ಡ್‌ಗಳು ತಾವಾಗಿಯೇ ಹಗುರಾದವು. ಮಂದ್ರ ಸ್ವರದಲ್ಲಿ ತೋಳು ಇಳಿಯಬೇಕು, ಅದೇ ಚಲನೆಯಲ್ಲಿ ಮಣಿಕಟ್ಟು ಮೇಲೇಳುತ್ತಾ ಕಾರ್ಡ್‌ಗಳನ್ನು ಸವರಿ ಹೋಗಬೇಕು. ಮೂರು ಒತ್ತು ಬೇಡ, ಒಂದೇ ಉಸಿರು ಸಾಕು. ಒಂದು ವಾರ ಎಡಗೈ ಮಾತ್ರ ನುಡಿಸಿ, ರಾಗವನ್ನು ಬಾಯಲ್ಲಿ ಹಾಡಿಕೊಳ್ಳಿ. ಎಡಗೈ ಕೇಳಿದವರಿಗೆ ಕುಣಿಯಬೇಕೆನಿಸಿದರೆ ಆಗ ಬಲಗೈ ಸೇರಿಸಿ.

ವಿಯೆನ್ನಾದ ವಾದ್ಯವೃಂದಗಳು ವಾಲ್ಟ್ಸ್‌ನ ಎರಡನೇ ಎಣಿಕೆಯನ್ನು ಕೂದಲೆಳೆಯಷ್ಟು ಮುಂಚೆ ನುಡಿಸುತ್ತವೆ ಎಂದು ನೀವು ಕೇಳಿರಬಹುದು. ನಿಜ, ಆದರೆ ಅದನ್ನು ಲೆಕ್ಕ ಹಾಕಿ ಮಾಡಲು ಹೋಗಬೇಡಿ. ಮೊದಲ ಹೆಜ್ಜೆಗೆ ನಿಜವಾದ ಭಾರ ಬಿದ್ದರೆ ಎರಡನೆಯದು ತಾನೇ ಚಿಮ್ಮುತ್ತದೆ. ಲೆಕ್ಕದಿಂದ ಬಂದದ್ದು ಕುಂಟಿದಂತೆ ಕೇಳುತ್ತದೆ. ಹಾಳೆಯ ಮೇಲೆ ಲೆಂಡ್ಲರ್ ಎಂದಿದ್ದರೆ ವೇಗ ಇಳಿಸಿ. ಅದು ಆಸ್ಟ್ರಿಯಾದ ಹಳ್ಳಿಗಳ ಕುಣಿತ; ಅದರಲ್ಲಿ ನೆಗೆತ, ನೆಲ ಮೆಟ್ಟುವುದು ಹೆಚ್ಚು, ನುಣುಪು ನೆಲದ ಮೇಲಿನ ಜಾರುವಿಕೆ ಕಡಿಮೆ.

ನಾದವನ್ನು ಹಿಡಿದಿಡುವ ಪೆಡಲ್ ಬಗ್ಗೆಯೂ ಕೇಳಿದ್ದೀರಿ. ಶೂಬರ್ಟನ ಕಾಲದ ವಿಯೆನ್ನಾ ಪಿಯಾನೋಗಳ ಸುತ್ತಿಗೆಗಳು ಪುಟ್ಟವು, ಚರ್ಮ ಹೊದಿಸಿದವು. ಕೀಲಿಗಳು ಹಗುರ, ನಾದ ಬೇಗ ಆರಿಹೋಗುತ್ತಿತ್ತು. ನಮ್ಮ ಇಂದಿನ ಪಿಯಾನೋದಲ್ಲಿ ಮಂದ್ರ ಸ್ವರ ಗುಂಯ್ ಎಂದು ಉಳಿದುಕೊಳ್ಳುತ್ತದೆ. ಮೊದಲ ಎಣಿಕೆಗೆ ಪೆಡಲ್ ಒತ್ತಿ, ಮೂರನೆಯದಕ್ಕೆ ಮುಂಚೆ ಬಿಡಿ. ಕಾಲು ಮೇಲೆದ್ದ ಆ ಗಳಿಗೆಯಲ್ಲಿ ಸ್ವಲ್ಪ ಗಾಳಿ ಆಡಲಿ.

ನಿಮ್ಮ ಗುರುಗಳು ಕೊಟ್ಟಿರುವ ಎ ಫ್ಲ್ಯಾಟ್ ಮೇಜರ್ ವಾಲ್ಟ್ಸ್, ಅಂದರೆ 1821ರಲ್ಲಿ ಪ್ರಕಟವಾದ ಓಪಸ್ (ಪ್ರಕಟಣೆಯ ಕ್ರಮಸಂಖ್ಯೆ) 9ರ ಎರಡನೆಯದು, 'ಶೋಕದ ವಾಲ್ಟ್ಸ್' ಎಂಬ ಹೆಸರಿನಲ್ಲಿ ಪ್ರಸಿದ್ಧ. ಆ ಹೆಸರು ಶೂಬರ್ಟ್ ಇಟ್ಟದ್ದಲ್ಲ. ಅದು ಎಷ್ಟು ಜನಪ್ರಿಯವಾಯಿತೆಂದರೆ ಬೀಥೋವನ್ ಹೆಸರಿನಲ್ಲೂ ಅಚ್ಚಾಗಿ ಮಾರಾಟವಾಯಿತು. ಆ ಶೀರ್ಷಿಕೆಯನ್ನು ನಂಬಿ ಬಹಳ ಜನ ಅದನ್ನು ಶವಯಾತ್ರೆಯ ನಡಿಗೆಗೆ ಇಳಿಸುತ್ತಾರೆ. ಎಡಗೈಯ ಕುಣಿತ ಸತ್ತುಹೋಗುತ್ತದೆ. ನನ್ನ ಮಟ್ಟಿಗೆ ಅದರ ಸೊಗಸು ಇರುವುದೇ ಕಾಲು ಕುಣಿಯುತ್ತಿರುವಾಗ ಮನಸ್ಸು ಬೇರೆಲ್ಲೋ ಹೋಗಿರುವುದರಲ್ಲಿ. ಎಡಗೈ ಕುಣಿಯುತ್ತಲೇ ಇರಲಿ, ನೋವೇನಿದ್ದರೂ ಬಲಗೈಯ ಪಾಲಿಗೆ ಬಿಡಿ.

ಇನ್ನು ಪುನರಾವರ್ತನೆಗಳು. ಎಂಟು ಬಾರ್ (ಮೂರೆಣಿಕೆಯ ಒಂದು ಆವರ್ತವೇ ಒಂದು ಬಾರ್), ಮತ್ತೆ ಅದೇ ಎಂಟು. ಇನ್ನೆಂಟು, ಮತ್ತೆ ಅದೇ. ದಯವಿಟ್ಟು ಬಿಡಬೇಡಿ. ಕುಣಿಯುವ ಜೋಡಿ ಒಂದು ಸುತ್ತು ಬಂದು ಅದೇ ಕಿಟಕಿಯ ಮುಂದೆ ಮತ್ತೆ ಹಾದುಹೋಗುತ್ತದೆ, ಅಷ್ಟೇ. ಎರಡನೇ ಸಲ ನಾನು ಸಾಮಾನ್ಯವಾಗಿ ದನಿ ತಗ್ಗಿಸಿ, ಒಳದನಿಯ, ಅಂದರೆ ರಾಗಕ್ಕೂ ಮಂದ್ರಕ್ಕೂ ನಡುವಿನ, ಯಾವುದಾದರೂ ಒಂದು ಸ್ವರವನ್ನು ತುಸು ಎತ್ತಿ ತೋರಿಸುತ್ತೇನೆ.

ಮುಂದೆ ಪೋಲೆಂಡಿನ ರಚನಕಾರ ಶೋಪ್ಯಾನ ಮಜುರ್ಕಾಗಳಿಗೆ ಹೋಗಬೇಕೆಂದಿದ್ದೀರಿ. ಹೋಗಿ, ಆದರೆ ವಾಲ್ಟ್ಸ್‌ನ ಕಾಲನ್ನು ಹೊಸ್ತಿಲಾಚೆ ಬಿಟ್ಟು ಹೋಗಿ. ಈ ಪೋಲಿಷ್ ಕುಣಿತದಲ್ಲಿ ಒತ್ತು ಎರಡನೆಯ ಎಣಿಕೆಗೋ ಮೂರನೆಯದಕ್ಕೋ ಬೀಳುತ್ತದೆ, ಅದೂ ಜಾಗ ಬದಲಿಸುತ್ತಾ. ಶೋಪ್ಯಾ ತಾನೇ ನುಡಿಸುವಾಗ ಮೊದಲ ಎಣಿಕೆಯಲ್ಲಿ ಎಷ್ಟು ತಂಗುತ್ತಿದ್ದನೆಂದರೆ, ಪ್ಯಾರಿಸಿನಲ್ಲಿ ಪಿಯಾನೋ ವಾದಕ ಚಾರ್ಲ್ಸ್ ಹ್ಯಾಲೆ ಒಮ್ಮೆ, ನೀವು ಮೂರರಲ್ಲಿ ಅಲ್ಲ, ನಾಲ್ಕರಲ್ಲಿ ನುಡಿಸುತ್ತಿದ್ದೀರಿ ಎಂದ. ಶೋಪ್ಯಾ ಒಪ್ಪಲಿಲ್ಲ. ಹ್ಯಾಲೆ ಅವನನ್ನು ನುಡಿಸಲು ಹೇಳಿ, ಪಕ್ಕದಲ್ಲಿ ಗಟ್ಟಿಯಾಗಿ ನಾಲ್ಕು ಎಣಿಸಿ ತೋರಿಸಿದಾಗ ಶೋಪ್ಯಾ ನಕ್ಕು, ಅದು ತನ್ನ ನಾಡಿನ ಕುಣಿತದ ಗುಣ ಎಂದ. ಇದೇ ಮಾತನ್ನು ಸಂಗೀತ ರಚನಕಾರ ಮೆಯರ್‌ಬೇರ್ ಬೇರೆ ರೀತಿಯಲ್ಲಿ ಹೇಳಿ, ಇದು ಎರಡರ ಎಣಿಕೆ ಎಂದು ಹಟ ಹಿಡಿದಾಗ ಮಾತ್ರ ಶೋಪ್ಯಾಗೆ ವಿಪರೀತ ಸಿಟ್ಟು ಬಂದಿತ್ತು. ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿ ಒಂದು ಎಚ್ಚರಿಕೆ: 'ತಕಿಟ ತಕಿಟ' ಎಂದು ಸಮನಾಗಿ ಎಣಿಸುವ ನಮ್ಮ ಅಭ್ಯಾಸ ಲಯಕ್ಕೆ ಭದ್ರವಾದ ನೆಲ, ಆದರೆ ಮಜುರ್ಕಾದಲ್ಲಿ ಅದೇ ಅಡ್ಡ ಬರುತ್ತದೆ. ನನಗೆ ಅದನ್ನು ಬಿಡಿಸಿಕೊಳ್ಳಲು ತಿಂಗಳುಗಳೇ ಹಿಡಿದವು.

ಒಂದೊಂದೇ ವಾಲ್ಟ್ಸ್ ನುಡಿಸಿ ಕೈ ತೆಗೆಯಬೇಡಿ. ನಾಲ್ಕೈದನ್ನು ಪೋಣಿಸಿ, ನಡುವೆ ನಿಲ್ಲದೆ ನುಡಿಸಿ, ಕೊನೆಗೆ ಮೊದಲನೆಯದಕ್ಕೇ ಮರಳಿ. ಪೋಣಿಸಲು ನನಗೆ ಬಹಳ ಇಷ್ಟವಾದ ಗುಚ್ಛ ಶೂಬರ್ಟ್ 1823ರಲ್ಲಿ ಬರೆದ ಹನ್ನೆರಡು ಜರ್ಮನ್ ನೃತ್ಯಗಳು, ಅವನ ಕೃತಿಪಟ್ಟಿಯಲ್ಲಿ ಡಿ 790. ಅವನ್ನು ಅವನ ಸಾವಿನ ಎಷ್ಟೋ ವರ್ಷಗಳ ನಂತರ, 1864ರಲ್ಲಿ ರಚನಕಾರ ಬ್ರಾಮ್ಸ್ ಪ್ರಕಟಣೆಗೆ ಸಿದ್ಧಪಡಿಸಿದ. ಮರುವರ್ಷವೇ ತನ್ನ ಹದಿನಾರು ವಾಲ್ಟ್ಸ್‌ಗಳನ್ನು ಬರೆದ. ಎರಡನ್ನೂ ಒಂದೇ ಸಂಜೆ ಕೇಳಿ ನೋಡಿ.

ಮಜುರ್ಕಾಗಳಲ್ಲಿ ಮೊದಲಿಗೆ ಓಪಸ್ 7ರ ಐದನೆಯದನ್ನು ಎತ್ತಿಕೊಳ್ಳಿ, ಸಿ ಮೇಜರ್‌ನದು. ಎಡಗೈಯ ಜಿ ಸ್ವರ ಬಾಗಿಲು ಬಡಿದಂತೆ ಮತ್ತೆ ಮತ್ತೆ ಕೇಳಿಸಿ ಶುರುವಾಗುತ್ತದೆ. ಒಂದೇ ಪುಟ. ಕೊನೆಯಲ್ಲಿ ಶೋಪ್ಯಾ ಮುಕ್ತಾಯವನ್ನೇ ಬರೆದಿಲ್ಲ. ಗುರುತಿನ ಜಾಗಕ್ಕೆ ಮರಳಿ, ಕೊನೆಯಿಲ್ಲದೆ ನುಡಿಸಿ ಎಂದು ಸೂಚಿಸಿದ್ದಾನೆ. ಎಲ್ಲಿ ನಿಲ್ಲಿಸಬೇಕು ಎಂಬುದು ನಿಮಗೇ ಬಿಟ್ಟದ್ದು. ನಾನು ಮೂರನೇ ಸುತ್ತಿನಲ್ಲಿ ದನಿ ಇಳಿಸುತ್ತಾ ಹೋಗಿ, ಕುಣಿಯುವವರು ಬೀದಿಯ ತಿರುವು ದಾಟಿ ಹೋದರು ಎನ್ನಿಸುವಲ್ಲಿ ಕೈ ಎತ್ತುತ್ತೇನೆ.